ಎರಡು ಹಗ್ಗ, ಒಂದೇ ಗೂಟ

ಆಯುಧಪೂಜೆಯ ಹಿಂದಿನ ಸಂಜೆ ಫೋನ್ ಬಂತು. ನಮ್ಮ ಕಡೆಯ ಒಂದು ಪತ್ತಿನ ಸಹಕಾರ ಸಂಘ. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ಆಗ ನಾನೇ ನೋಡಿಕೊಳ್ಳುತ್ತಿದ್ದೆ. “ಸರ್ವರ್ ಆಫ್ ಆಗಿದೆ ಸಾರ್, ಪಿಗ್ಮಿಯವರೆಲ್ಲ ಬಂದು ನಿಂತಿದ್ದಾರೆ, ಬೇಗ ಬನ್ನಿ” ಎಂದರು ಮ್ಯಾನೇಜರ್ ಮೇಡಂ. ಹೋಗಿ ನೋಡಿದರೆ ಸರ್ವರಿನ ನೆತ್ತಿಗೆ ಅರಿಸಿನ-ಕುಂಕುಮ, ಎರಡು ಬದಿಗೂ ಬಾಳೆಕಂದು, ಸುತ್ತ ಸೀರಿಯಲ್ ಸೆಟ್ಟಿನ ಮಿಣಿಮಿಣಿ ದೀಪ. ದೇವರು ಮಾತ್ರ ಕಣ್ಣು ಮುಚ್ಚಿದ್ದ.

ಕಾರಣ ಹುಡುಕಲು ಐದು ನಿಮಿಷವೂ ಬೇಕಾಗಲಿಲ್ಲ. ಸೀರಿಯಲ್ ಸೆಟ್ಟಿಗೆ ಜಾಗ ಬೇಕೆಂದು ಅಟೆಂಡರ್ ಗೋಡೆಯ ಸಾಕೆಟ್ಟಿನಿಂದ ಒಂದು ಸ್ಪೈಕ್ ಬಸ್ಟರಿನ ಪ್ಲಗ್ ಕಿತ್ತಿದ್ದ. ಸರ್ವರಿಗೆ ಎರಡು ಪವರ್ ಸಪ್ಲೈ, ಎರಡು ಕೇಬಲ್. ಎರಡೂ ಹೋಗಿದ್ದು ಅದೇ ಸ್ಪೈಕ್ ಬಸ್ಟರಿಗೆ. “ಒಂದು ಹೋದ್ರೂ ಇನ್ನೊಂದು ನಡೆಸುತ್ತೆ ಅಂತ ನೀವೇ ಹೇಳಿದ್ರಲ್ಲ ಸಾರ್?” ಎಂದು ಮೇಡಂ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಕೇಬಲ್ ಸಿಕ್ಕಿಸಿದವನು ನಾನೇ. ಹಸುವಿಗೆ ಎರಡು ಹಗ್ಗ ಹಾಕಿ ಒಂದೇ ಗೂಟಕ್ಕೆ ಬಿಗಿದಿದ್ದೆ. ಗೂಟ ಕಿತ್ತರೆ ಹಗ್ಗ ಎಷ್ಟಿದ್ದರೇನು?

ಸಣ್ಣ ಊರಿನ ಸಣ್ಣ ಸಂಘದಲ್ಲಿ ಆದದ್ದು ಇದು ಎಂದುಕೊಂಡರೆ ಅಟ್ಲಾಂಟಾದ ಕಥೆ ಕೇಳಬೇಕು. 2016ರ ಆಗಸ್ಟ್ 8ರ ನಸುಕಿನಲ್ಲಿ ಡೆಲ್ಟಾ ಏರ್‌ಲೈನ್ಸ್‌ನ ಡೇಟಾ ಸೆಂಟರಿನಲ್ಲಿ ವಿದ್ಯುತ್ ನಿಯಂತ್ರಿಸುವ ಒಂದು ಉಪಕರಣ ಕೆಟ್ಟಿತು. ಕರೆಂಟೇನೋ ಬೇಗನೆ ಮರಳಿತು. ಆದರೆ ಅಲ್ಲಿದ್ದ ಸುಮಾರು 7,000 ಯಂತ್ರಗಳಲ್ಲಿ 300ರಷ್ಟು ಬ್ಯಾಕಪ್ ವಿದ್ಯುತ್ತನ್ನು ಪಡೆಯುವಂತೆ ಸರಿಯಾಗಿ ಜೋಡಣೆಯಾಗಿಯೇ ಇರಲಿಲ್ಲ ಎಂಬುದು ಆಮೇಲೆ ಹೊರಬಿತ್ತು. ಕಂಪನಿಯೇ ಅದನ್ನು ಒಪ್ಪಿಕೊಂಡಿತು. ಮೂರು ದಿನಗಳಲ್ಲಿ ಸುಮಾರು 2,300 ವಿಮಾನಗಳು ರದ್ದಾದವು, 15 ಕೋಟಿ ಡಾಲರ್ ನಷ್ಟವಾಯಿತು. 7,000ದಲ್ಲಿ 300 ಎಂದರೆ ನೂರಕ್ಕೆ ನಾಲ್ಕೂ ಚಿಲ್ಲರೆ. ಉಳಿದ ತೊಂಬತ್ತೈದು ಸರಿಯಿದ್ದರೂ ಕೆಲಸಕ್ಕೆ ಬರಲಿಲ್ಲ. ಟಿಕೆಟ್ ನೋಡುವ ಯಂತ್ರಕ್ಕೆ ಉತ್ತರ ಕೊಡಬೇಕಾದ ಇನ್ನೊಂದು ಯಂತ್ರ ಆ ನಾಲ್ಕರಲ್ಲಿ ಇದ್ದರೆ ಮುಗಿಯಿತು.

ಹಾಗಾದರೆ ಎರಡನೆಯ ಕೇಬಲ್ ಯಾಕಿದೆ? ಹೆಚ್ಚು ಕರೆಂಟ್ ಎಳೆಯಲಿಕ್ಕೆ ಎಂದೇ ಬಹಳ ಜನ ತಿಳಿದಿರುತ್ತಾರೆ. ಸಾಮಾನ್ಯ ಸರ್ವರಿನಲ್ಲಿ ಹಾಗಲ್ಲ. ಎರಡು ಪವರ್ ಸಪ್ಲೈಗಳಲ್ಲಿ ಒಂದೊಂದಕ್ಕೂ ಇಡೀ ಯಂತ್ರವನ್ನು ಒಂಟಿಯಾಗಿ ಹೊರುವ ಶಕ್ತಿ ಇರುತ್ತದೆ. ಎರಡೂ ಇರುವಾಗ ಹೊರೆಯನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ, ಒಂದು ಕುಸಿದರೆ ಇನ್ನೊಂದು ಪೂರ್ತಿ ಹೊರುತ್ತದೆ. ಆದ್ದರಿಂದಲೇ ಡೇಟಾ ಸೆಂಟರುಗಳಲ್ಲಿ ರ‍್ಯಾಕಿನ ಹಿಂದೆ ಎರಡು ಉದ್ದನೆಯ ವಿದ್ಯುತ್ ಪಟ್ಟಿಗಳನ್ನು ನಿಲ್ಲಿಸಿರುತ್ತಾರೆ, ಪಿಡಿಯು ಅಂತ ಕರೆಯುತ್ತಾರೆ. ಎಡಗಡೆಯದು ಎ, ಬಲಗಡೆಯದು ಬಿ. ಎ ಹೋಗುವುದು ಒಂದು ಯುಪಿಎಸ್‌ಗೆ, ಬಿ ಹೋಗುವುದು ಇನ್ನೊಂದಕ್ಕೆ. ಎ ಕೇಬಲ್‌ಗಳಿಗೆ ಕೆಂಪು, ಬಿ ಕೇಬಲ್‌ಗಳಿಗೆ ನೀಲಿ ಎಂದು ಬಣ್ಣವನ್ನೇ ಬೇರೆ ಮಾಡುವ ಕಡೆಗಳೂ ಉಂಟು. ಅದು ಅಂದಕ್ಕಲ್ಲ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಬಗ್ಗಿದವನಿಗೆ ಒಂದೇ ಸರ್ವರಿನಿಂದ ಎರಡು ಕೆಂಪು ಹೊರಟಿರುವುದು ಥಟ್ಟನೆ ಕಾಣಲಿ ಎಂದು.

ಇಲ್ಲೊಂದು ಲೆಕ್ಕದ ಗುಂಡಿ ಇದೆ, ಅನುಭವಿಗಳೇ ಬೀಳುವಂಥದ್ದು. ಎ ಪಟ್ಟಿಗೂ ಬಿ ಪಟ್ಟಿಗೂ 16 ಆಂಪಿಯರ್‌ನ ಬ್ರೇಕರ್ ಇದೆ ಎನ್ನಿ. ಮೀಟರಿನಲ್ಲಿ ಎರಡರಲ್ಲೂ 12 ತೋರಿಸುತ್ತಿದೆ. ಇನ್ನೂ ನಾಲ್ಕು ನಾಲ್ಕು ಉಳಿದಿದೆಯಲ್ಲ ಎಂದು ಸಂತೋಷಪಡುತ್ತೇವೆ. ಒಂದು ದಿನ ಎ ಹೋಗುತ್ತದೆ. ಅದರ 12, ಬಿಯ 12, ಸೇರಿ 24 ಆಂಪಿಯರ್ ಒಬ್ಬನ ಹೆಗಲಿಗೆ. ಬಿಯ ಬ್ರೇಕರ್ ಸ್ವಲ್ಪ ಹೊತ್ತು ತಡೆದುಕೊಂಡು ಅದೂ ಬೀಳುತ್ತದೆ, ಇಡೀ ರ‍್ಯಾಕ್ ಕತ್ತಲು. ಎರಡು ದಾರಿ ಇದ್ದದ್ದು ನಿಜ, ಒಂದು ದಾರಿಗೂ ಇಬ್ಬರ ಭಾರ ತಾಳುವ ತಾಕತ್ತಿರಲಿಲ್ಲ. ಅಮೆರಿಕದ ವಿದ್ಯುತ್ ಸಂಹಿತೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಒಂದೇ ಸಮ ನಡೆಯುವ ಲೋಡನ್ನು ಬ್ರೇಕರ್ ಶಕ್ತಿಯ ನೂರಕ್ಕೆ 80ರೊಳಗೆ ಇಡು ಎನ್ನುತ್ತದೆ. ಸರ್ವರ್ ಹಗಲೂ ರಾತ್ರಿ ನಡೆಯುವುದೇ. ಆ ಲೆಕ್ಕ ಹಿಡಿದರೆ 16ರ ಬ್ರೇಕರಿಗೆ ಎರಡೂ ಬದಿ ಸೇರಿ 13ರ ಆಸುಪಾಸಿಗೆ ನಿಲ್ಲಬೇಕು, ಒಂದೊಂದು ಬದಿ ಆರೂವರೆ. ಅರ್ಧಕ್ಕಿಂತ ಹೆಚ್ಚು ಖಾಲಿ ಬಿಡುವುದೇ ಇಲ್ಲಿ ಉಳಿತಾಯ.

ನಮ್ಮ ಸಹಕಾರ ಸಂಘದಂಥ ಕಡೆ ಎರಡು ಯುಪಿಎಸ್ ಎಲ್ಲಿ ಬರಬೇಕು? ಒಂದಿದ್ದರೆ ಹೆಚ್ಚು. ಅಂಥಲ್ಲಿ ಎರಡು ಕೇಬಲನ್ನೂ ಯುಪಿಎಸ್‌ಗೇ ಚುಚ್ಚುವುದು ರೂಢಿ. ನನ್ನ ಅಭಿಪ್ರಾಯ ಬೇರೆ. ಒಂದು ಯುಪಿಎಸ್‌ಗೆ, ಇನ್ನೊಂದು ಒಳ್ಳೆಯ ಸರ್ಜ್ ರಕ್ಷಣೆಯ ಮೂಲಕ ನೇರ ಗೋಡೆಯ ಕರೆಂಟಿಗೆ. ಕರೆಂಟ್ ಹೋದರೆ ಯುಪಿಎಸ್ ಕೈಹಿಡಿಯುತ್ತದೆ, ಯುಪಿಎಸ್ಸೇ ಕೆಟ್ಟರೆ ಗೋಡೆ ಕೈಹಿಡಿಯುತ್ತದೆ. ಯುಪಿಎಸ್ ಕೆಡುವುದಿಲ್ಲ ಎಂದು ನಂಬಿದವರು ಅದರ ಬ್ಯಾಟರಿ ಬದಲಿಸಿ ಎಷ್ಟು ವರ್ಷವಾಯಿತೆಂದು ಒಮ್ಮೆ ಲೆಕ್ಕ ಹಾಕಲಿ. ವೋಲ್ಟೇಜ್ ತೀರಾ ಏರುಪೇರಾಗುವ ಊರಿನಲ್ಲಿ ನೇರ ಕರೆಂಟು ಕೊಡಲು ಹಿಂಜರಿಯುವವರಿದ್ದಾರೆ, ಅವರ ಹೆದರಿಕೆಯೂ ಸುಳ್ಳಲ್ಲ. ಅಲ್ಲಿ ನಡುವೆ ಸ್ಟೆಬಿಲೈಸರ್ ಇಡಬಹುದು. ಒಂದು ಎಚ್ಚರ: ಮೂರು ಫೇಸ್ ಇರುವ ಕಟ್ಟಡದಲ್ಲಿ ಆ ಎರಡು ಸಾಕೆಟ್ಟು ಬೇರೆ ಬೇರೆ ಫೇಸಿನವಾದರೆ ಅವೆರಡರ ನಡುವೆ 230 ಅಲ್ಲ, 400 ವೋಲ್ಟ್ ಇರುತ್ತದೆ. ಸರ್ವರಿಗೆ ಅದರಿಂದ ತೊಂದರೆಯಿಲ್ಲ. ಎರಡು ತೆರೆದ ಬೋರ್ಡಿನ ನಡುವೆ ಕೈ ಹಾಕುವವನಿಗೆ ಇದೆ.

ಮತ್ತೆ ನೆಟ್‌ವರ್ಕ್ ಸ್ವಿಚ್. ಅದಕ್ಕೆ ಸಾಮಾನ್ಯವಾಗಿ ಒಂದೇ ಕೇಬಲ್. ಸರ್ವರ್ ಎರಡು ಕಾಲಿನ ಮೇಲೆ ನಿಂತು ಬದುಕಿರುತ್ತದೆ, ಅದನ್ನು ತಲುಪುವ ಸ್ವಿಚ್ ಒಂಟಿಕಾಲಿನಲ್ಲಿ ನಿಂತು ಸತ್ತಿರುತ್ತದೆ. ಕೌಂಟರಿನ ಗುಮಾಸ್ತರಿಗೆ ಎರಡರಲ್ಲಿ ಏನು ವ್ಯತ್ಯಾಸ? ಎರಡು ಮೂಲಗಳಿಂದ ಕರೆಂಟ್ ಪಡೆದು ಒಂದು ಹೋದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದಕ್ಕೆ ಬದಲಾಯಿಸುವ ಪೆಟ್ಟಿಗೆ ಸಿಗುತ್ತದೆ, ಒಂಟಿ ಕೇಬಲಿನ ಯಂತ್ರಗಳಿಗೆ ಅದೇ ಉಪಾಯ.

ಇನ್ನು ಕೇಬಲ್. ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಆ ಕಪ್ಪು ತುದಿಗೆ ಸಿ13 ಎಂದು ಹೆಸರು, ಅದು ಕೂರುವ ಯಂತ್ರದ ಬಾಯಿ ಸಿ14. ಬೆಸಸಂಖ್ಯೆ ಕೇಬಲಿನ ಹೆಣ್ಣು ತುದಿಗೆ, ಅದರ ಮುಂದಿನ ಸಮಸಂಖ್ಯೆ ಯಂತ್ರದ ಗಂಡು ಪಿನ್ನುಗಳಿಗೆ. ಸಿ13ರ ಮಿತಿ 10 ಆಂಪಿಯರ್. ದೊಡ್ಡ ಸರ್ವರುಗಳಿಗೆ, ಯುಪಿಎಸ್‌ಗಳಿಗೆ ದಪ್ಪನೆಯ ಆಯತಾಕಾರದ ಸಿ19, ಅದು 16 ಆಂಪಿಯರ್. ಬದಿಯಲ್ಲಿ ಸಣ್ಣ ಕಚ್ಚು ಇರುವ ಸಿ15 ಎಂಬುದೊಂದಿದೆ, ಹೆಚ್ಚು ಬಿಸಿಯಾಗುವ ಯಂತ್ರಗಳಿಗೆ. ಸಿ15 ಕೇಬಲ್ ಕಂಪ್ಯೂಟರಿಗೆ ಹಿಡಿಸುತ್ತದೆ, ಕಂಪ್ಯೂಟರಿನ ಸಿ13 ಆ ಬಿಸಿ ಯಂತ್ರಕ್ಕೆ ಹಿಡಿಸುವುದಿಲ್ಲ. ಆ ಕಚ್ಚು ಇರುವುದೇ ಅದಕ್ಕೆ. ಬ್ಲೇಡಿನಿಂದ ಕೆತ್ತಿ ಹಿಡಿಸಿದ ಮಹಾನುಭಾವರನ್ನೂ ಕಂಡಿದ್ದೇನೆ.

ನಮ್ಮಲ್ಲಿ ಹೊಸ ಸರ್ವರ್ ಬಂದಾಗ ಆಗುವ ಮೊದಲ ತಮಾಷೆ ಏನೆಂದರೆ, ಡಬ್ಬದಲ್ಲಿರುವ ಕೇಬಲಿಗೆ ಎಷ್ಟೋ ಸಲ ಗೋಡೆಗೆ ಹೋಗುವ ಪಿನ್ನೇ ಇರುವುದಿಲ್ಲ. ಒಂದು ತುದಿ ಸಿ13, ಇನ್ನೊಂದು ಸಿ14, ರ‍್ಯಾಕಿನ ಪಟ್ಟಿಗೆಂದೇ ಮಾಡಿದ್ದು. ಆರ್ಡರ್ ಕೊಡುವಾಗ ಯಾರೂ ಆ ಸಾಲು ನೋಡಿರುವುದಿಲ್ಲ. ಇನ್‌ಸ್ಟಾಲ್ ಮಾಡಲು ಬಂದ ಹುಡುಗನಿಗೆ ಸಂಜೆಯ ಬಸ್ಸು ಹಿಡಿಯಬೇಕು. ಕತ್ತರಿ ಬರುತ್ತದೆ, ಸಿ14 ತುದಿ ಕೆಳಗೆ ಬೀಳುತ್ತದೆ, ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯ ಮೂರು ಪಿನ್ನಿನ ಟಾಪ್ ಕೂರುತ್ತದೆ. ಇನ್ನೂ ಅವಸರವಿದ್ದರೆ ಟಾಪೂ ಇಲ್ಲ, ಬರಿ ವೈರನ್ನೇ ತೂತಿಗೆ ತುರುಕಿ ಬೆಂಕಿಕಡ್ಡಿ ಗಿಡಿಯುವುದು. ಸೀರಿಯಲ್ ಸೆಟ್ಟಿಗೆ ನಾವು ಮಾಡುವ ಮರ್ಯಾದೆಯೇ ಲಕ್ಷಾಂತರ ರೂಪಾಯಿಯ ಯಂತ್ರಕ್ಕೂ.

ಇಲ್ಲಿ ಶಾಖದ ಲೆಕ್ಕ ಒಂದಿಷ್ಟು ಹೇಳಬೇಕು, ಯಾಕೆಂದರೆ ಬೆಂಕಿ ಹುಟ್ಟುವುದು ಇದರಲ್ಲೇ. ಸಡಿಲವಾಗಿ ಕೂತ ಪಿನ್ನಿನ ಹತ್ತಿರ ಒಂದು ಓಮಿನ ಹತ್ತನೇ ಒಂದು ಭಾಗ ತಡೆ ಹುಟ್ಟಿದೆ ಎನ್ನಿ. ಅದರಲ್ಲಿ 10 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಶಾಖ ಹತ್ತು ಗುಣಿಸು ಹತ್ತು ಗುಣಿಸು ಪಾಯಿಂಟ್ ಒಂದು: 10 ವ್ಯಾಟ್. ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಕಡ್ಡಿ 25 ವ್ಯಾಟಿನದು. ಹೆಚ್ಚುಕಡಿಮೆ ಅದರ ಅರ್ಧದಷ್ಟು ಬಿಸಿಯನ್ನು ಸಾಸಿವೆ ಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ಒಳಗೆ, ಗಾಳಿಯಿಲ್ಲದ ಮೂಲೆಯಲ್ಲಿ ಹಗಲಿರುಳು ಹಚ್ಚಿಟ್ಟಂತೆ. ಬಿಸಿಗೆ ಪಿನ್ನಿನ ಹಿಡಿತ ಇನ್ನಷ್ಟು ಸಡಿಲ, ಸಡಿಲವಾದಷ್ಟೂ ಇನ್ನಷ್ಟು ಬಿಸಿ. ಬ್ರೇಕರಿಗೆ ಇದು ಗೊತ್ತೇ ಆಗುವುದಿಲ್ಲ. ಹರಿಯುತ್ತಿರುವುದು ಅದರ ಲೆಕ್ಕದಲ್ಲಿ ಸರಿಯಾದ ಕರೆಂಟೇ. ನಮ್ಮ ಮೂಗಿಗೆ ಮಾತ್ರ ಗೊತ್ತಾಗುತ್ತದೆ, ಸುಟ್ಟ ಮೀನಿನಂಥ ಆ ವಾಸನೆ. ಹಾಗಾಗಿ ಸಿ13 ತುದಿಯನ್ನು ಪೂರ್ತಿ ಒಳಹೋಗುವವರೆಗೆ ಒತ್ತಬೇಕು. ಅರ್ಧ ಕೂತರೂ ದೀಪ ಹೊತ್ತಿಕೊಳ್ಳುತ್ತದೆ, ಅದೇ ಮೋಸ. ಸರ್ವರಿನ ಪವರ್ ಸಪ್ಲೈ ಪಕ್ಕದಲ್ಲಿ ಒಂದು ತಂತಿಯ ಕೊಂಡಿಯೋ ಪಟ್ಟಿಯೋ ಇರುತ್ತದೆ. ಕೇಬಲ್ ಜಾರದಂತೆ ಅದರಲ್ಲಿ ಬಂಧಿಸಲಿಕ್ಕೆ ಕೊಟ್ಟದ್ದು. ನಾನು ನೋಡಿದ ಸರ್ವರುಗಳಲ್ಲಿ ಅರ್ಧಕ್ಕರ್ಧ ಕಡೆ ಅದು ಬಂದ ಹಾಗೇ ಮಡಚಿಕೊಂಡು ನೇತಾಡುತ್ತಿತ್ತು.

ಕೇಬಲಿನ ಶಕ್ತಿ ಅದರ ಅತಿ ದುರ್ಬಲ ಭಾಗದಷ್ಟೇ. ಒಂದು ತುದಿ 10 ಆಂಪಿಯರಿನ ಸಿ13 ಆದರೂ ಇನ್ನೊಂದು ತುದಿ 6 ಆಂಪಿಯರಿನ ಸಣ್ಣ ಪಿನ್ನಾದರೆ ಅದು 6ರ ಕೇಬಲ್ಲೇ. ನಾವಿನ್ನೂ ಹಳೆಯ ಬಾಯಲ್ಲಿ ಐದು ಆಂಪ್, ಹದಿನೈದು ಆಂಪ್ ಎನ್ನುತ್ತೇವೆ, ಈಗಿನ ಭಾರತೀಯ ಮಾನಕದಲ್ಲಿ ಅವು 6 ಮತ್ತು 16. 230 ವೋಲ್ಟಿಗೆ 6 ಆಂಪಿಯರ್ ಎಂದರೆ 1,380 ವ್ಯಾಟ್. ಸ್ಪೈಕ್ ಬಸ್ಟರಿನಲ್ಲಿ ನಾಲ್ಕು ತೂತಿದ್ದರೂ ಗೋಡೆಗೆ ಹೋಗುವ ಅದರ ಪಿನ್ ಒಂದೇ, ನಾಲ್ಕೂ ಸೇರಿ ಅಷ್ಟೇ. ಅದರ ಬಾಲಕ್ಕೆ ಇನ್ನೊಂದು ಸ್ಪೈಕ್ ಬಸ್ಟರ್ ಕಟ್ಟಿದರೆ ತೂತು ಹೆಚ್ಚುತ್ತದೆ, ಕರೆಂಟ್ ಹೆಚ್ಚುವುದಿಲ್ಲ. ಹೆಚ್ಚಾದ ಉದ್ದವನ್ನು ಸಿಂಬೆಯಂತೆ ಸುತ್ತಿ ಬಿಗಿಯಾಗಿ ಕಟ್ಟಿಡುವುದೂ ಬೇಡ, ಸುರುಳಿಯ ನಡುವಿನ ಶಾಖಕ್ಕೆ ಹೊರಬರಲು ದಾರಿಯಿರುವುದಿಲ್ಲ. ಬೇಕಾದ ಉದ್ದದ ಕೇಬಲ್ ಕೊಳ್ಳುವುದೇ ಸರಿ. ಅಮೆರಿಕದಿಂದ ಬಂದ ಮಗನೋ ಅಳಿಯನೋ ತಂದುಕೊಟ್ಟ ಯಂತ್ರದ ಜೊತೆ ಅಲ್ಲಿನ ಚಪ್ಪಟೆ ಪಿನ್ನಿನ ಕೇಬಲ್ ಇರುತ್ತದೆ. ಅದರ ಮೇಲೆ 125 ವೋಲ್ಟ್ ಎಂದು ಅಚ್ಚಾಗಿರುವುದನ್ನು ಓದಿ. ಯಂತ್ರ 100ರಿಂದ 240 ವೋಲ್ಟಿನವರೆಗೆ ಒಗ್ಗಿಕೊಳ್ಳಬಹುದು, ಕೇಬಲಿನ ಪಿನ್ನು ನಮ್ಮ 230ಕ್ಕೆ ಹುಟ್ಟಿದ್ದಲ್ಲ. ಕನ್ವರ್ಟರ್ ಹಾಕುವ ಬದಲು ಇಲ್ಲಿನ ಕೇಬಲ್ ಹಾಕಿ.

ಇನ್ನು ಮೂರನೆಯ ಪಿನ್, ನಾವೆಲ್ಲರೂ ಅಸಡ್ಡೆ ಮಾಡುವ ಅರ್ಥಿಂಗ್. ನಮ್ಮ ಪ್ಲಗ್ಗಿನಲ್ಲಿ ಅದು ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ದಪ್ಪ ಯಾಕೆಂದರೆ ತಪ್ಪು ತೂತಿಗೆ ಹೋಗಬಾರದು. ಉದ್ದ ಯಾಕೆಂದರೆ ಸಿಕ್ಕಿಸುವಾಗ ಮೊದಲು ಮುಟ್ಟಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಒಳಗಿನ ಮುಚ್ಚಳ ತೆರೆಯುವುದೂ ಅದೇ. ಎರಡು ಪಿನ್ನಿನ ಚಾರ್ಜರ್ ಹಾಕಲು ನಾವು ಆ ತೂತಿಗೆ ಪೆನ್ನು ಚುಚ್ಚುವುದು ಇದೇ ಕಾರಣಕ್ಕೆ. ಸರ್ವರಿಗೆ ಅರ್ಥಿಂಗ್ ಬೇಕಿರುವುದು ಎಲ್ಲೋ ಒಳಗೆ ವೈರು ಕಳಚಿ ಮೈಗೆ ತಾಗಿದಾಗ ಮಾತ್ರವಲ್ಲ. ಅದರ ಪವರ್ ಸಪ್ಲೈ ಒಳಗೆ ವಿದ್ಯುತ್ ಗದ್ದಲ ಸೋಸುವ ಸಣ್ಣ ಕೆಪಾಸಿಟರುಗಳು ಇರುತ್ತವೆ, ಅವು ಎಲ್ಲ ಸರಿ ಇರುವಾಗಲೂ ಚೂರು ಕರೆಂಟನ್ನು ಅರ್ಥಿಗೆ ಬಿಡುತ್ತಲೇ ಇರುತ್ತವೆ. ಒಂದು ಯಂತ್ರಕ್ಕೆ ಸುರಕ್ಷತಾ ಮಾನಕದ ಸಾಮಾನ್ಯ ಮಿತಿ 3.5 ಮಿಲಿ ಆಂಪಿಯರ್. ಸಾಮಾನ್ಯವಾಗಿ ಸೋರುವುದು ಅದಕ್ಕಿಂತ ಕಡಿಮೆಯೇ. ಆದರೆ ಹತ್ತು ಯಂತ್ರಗಳನ್ನು ಒಂದೇ ಪಟ್ಟಿಗೆ ಹಾಕಿದಾಗ ಹತ್ತರ ಸೋರಿಕೆಯೂ ಕೂಡುತ್ತದೆ. ಆ ಪಟ್ಟಿಯ ಅರ್ಥ್ ವೈರು ಎಲ್ಲೋ ತುಂಡಾಗಿದ್ದರೆ ಅಷ್ಟೂ ಸೋರಿಕೆ ದಾರಿಗಾಗಿ ಕಾಯುತ್ತಿರುತ್ತದೆ. ರ‍್ಯಾಕಿನ ಬಾಗಿಲು ಮುಟ್ಟಿದವನೇ ದಾರಿ. ಮನುಷ್ಯರನ್ನು ಉಳಿಸಲು ಹಾಕುವ ಸಾಧನ 30 ಮಿಲಿ ಆಂಪಿಯರಿಗೆ ಬೀಳುವಂತೆ ಇಟ್ಟಿರುತ್ತಾರೆ ಎಂಬುದನ್ನು ನೆನೆದರೆ ಈ ಲೆಕ್ಕದ ತೂಕ ತಿಳಿಯುತ್ತದೆ. ಕಂಪ್ಯೂಟರಿನ ಮೈ ಸವರಿದಾಗ ಬೆರಳ ತುದಿ ಜುಮ್ಮೆನ್ನುವುದು, ಟೆಸ್ಟರ್ ಇಟ್ಟರೆ ಮಂದವಾಗಿ ಬೆಳಗುವುದು ನಮ್ಮೂರುಗಳಲ್ಲಿ ಎಷ್ಟು ಮಾಮೂಲಿಯೆಂದರೆ ಜನ ಅದನ್ನು ಕಂಪ್ಯೂಟರಿನ ಗುಣ ಎಂದುಕೊಂಡಿದ್ದಾರೆ. ಅದು ಅರ್ಥಿಂಗ್ ಇಲ್ಲ ಎಂಬುದರ ಸುದ್ದಿ.

ಅನುಭವಸ್ಥ ಎಂಜಿನಿಯರ್ ಬಂದವನೇ ಡಬ್ಬ ಬಿಚ್ಚುವುದಿಲ್ಲ, ಮಲ್ಟಿಮೀಟರ್ ತೆಗೆಯುತ್ತಾನೆ. ಫೇಸಿಗೂ ನ್ಯೂಟ್ರಲ್ಲಿಗೂ 230ರ ಹತ್ತಿರ, ಫೇಸಿಗೂ ಅರ್ಥಿಗೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ಲಿಗೂ ಅರ್ಥಿಗೂ ಎರಡು ಮೂರು ವೋಲ್ಟಿನೊಳಗೆ. ಕೊನೆಯದು ಇಪ್ಪತ್ತೋ ಮೂವತ್ತೋ ತೋರಿಸಿದರೆ ಡಬ್ಬ ಬಿಚ್ಚದೆ ಹಿಂದಿರುಗುತ್ತಾನೆ, ಹಿಂದಿರುಗಬೇಕು. ಆಗ ನಮ್ಮವರು ಬೇಸಿಗೆಯಲ್ಲಿ ಒಣಗಿಹೋದ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಸುರಿದು ಮತ್ತೆ ಕರೆಯುತ್ತಾರೆ. ನೀರಿಗೆ ಸರಿಹೋದರೆ ಗುಂಡಿ ಒಣಗಿತ್ತು ಎಂದಷ್ಟೇ ಅರ್ಥ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಒಣಗುತ್ತದೆ.

ಜೋಡಿಸುವ ಕ್ರಮ ದೊಡ್ಡದೇನಲ್ಲ. ಗೋಡೆಯ ಸ್ವಿಚ್ ಆಫ್. ಮೊದಲು ಕೇಬಲಿನ ತುದಿ ಸರ್ವರಿಗೆ, ಆಮೇಲೆ ಪಿನ್ ಗೋಡೆಗೆ, ಕೊನೆಗೆ ಸ್ವಿಚ್ ಆನ್. ಬಿಚ್ಚುವಾಗ ಇದರ ತಿರುವುಮುರುವು. ಹೀಗೆ ಮಾಡಿದರೆ ಕರೆಂಟ್ ತುಂಬಿದ ತುದಿ ಕೈಯಲ್ಲಿ ಆಡುವುದಿಲ್ಲ, ಪಿನ್ನಿನ ಮೇಲೆ ಕಿಡಿ ಹಾರಿ ಕರಕಲಾಗುವುದಿಲ್ಲ. ಕೈ ಒಣಗಿರಲಿ, ಎಳೆಯುವುದು ಪ್ಲಗ್ಗಿನ ತಲೆ ಹಿಡಿದು. ಐಬಿಎಂ ತನ್ನ ಸರ್ವರುಗಳ ಕೈಪಿಡಿಯಲ್ಲಿ ಇದೇ ಕ್ರಮ ಹೇಳುವುದರ ಜೊತೆಗೆ ಗುಡುಗು ಸಿಡಿಲಿನ ಹೊತ್ತಿನಲ್ಲಿ ಯಾವ ಕೇಬಲನ್ನೂ ಹಾಕಬೇಡಿ, ತೆಗೆಯಬೇಡಿ ಎಂದೂ ಎಚ್ಚರಿಸುತ್ತದೆ. ನಮ್ಮ ಕಡೆ ಮುಂಗಾರಿಗೆ ಮೊದಲಿನ ಸಂಜೆಗಳಲ್ಲಿ ಎಲ್ಲರೂ ಮಾಡುವುದು ಇದರ ವಿರುದ್ಧ: ಮೊದಲ ಸಿಡಿಲು ಕೇಳಿದ ಮೇಲೆ ಓಡಿಹೋಗಿ ಪ್ಲಗ್ ಕೀಳುವುದು.

ಬಿಚ್ಚುವಾಗಿನ ಅಪಾಯ ಜೋಡಿಸುವಾಗಿನದಕ್ಕಿಂತ ದೊಡ್ಡದು. ಸರ್ವರಿನ ಪವರ್ ಬಟನ್ ಒತ್ತಿದರೆ ಅದು ಮಲಗುತ್ತದೆ ಅಷ್ಟೆ, ಸಾಯುವುದಿಲ್ಲ. ದೂರದಿಂದ ಎಬ್ಬಿಸಲು ಬೇಕಾದ ಒಂದು ಭಾಗ ಒಳಗೆ ಎಚ್ಚರವಾಗಿಯೇ ಇರುತ್ತದೆ. ಒಂದು ಕೇಬಲ್ ಕಿತ್ತರೂ ಸಾಯುವುದಿಲ್ಲ, ಇನ್ನೊಂದು ಇದೆಯಲ್ಲ. ಯಂತ್ರದ ಒಳಗೆ ಕೈ ಹಾಕುವ ಮುಂಚೆ ಇರುವಷ್ಟೂ ಕೇಬಲ್ ಕಿತ್ತು, ಕೊನೆಯ ಸಣ್ಣ ದೀಪ ಆರುವವರೆಗೆ ಕಾಯಬೇಕು. ಪವರ್ ಸಪ್ಲೈ ಪೆಟ್ಟಿಗೆಯನ್ನಂತೂ ಯಾವತ್ತೂ ಬಿಚ್ಚಬಾರದು, ಅದರೊಳಗಿನ ಕೆಪಾಸಿಟರಿನಲ್ಲಿ 400 ವೋಲ್ಟಿನವರೆಗೆ ಡಿಸಿ ತುಂಬಿರುತ್ತದೆ, ಕೇಬಲ್ ಕಿತ್ತ ಮೇಲೂ.

ಮತ್ತೆ ಹಾಕುವಾಗ ಆತುರ ಪಡಬಾರದೆಂಬುದಕ್ಕೆ 2017ರ ಮೇ 27 ಇದೆ. ಲಂಡನ್ನಿನ ಹೀಥ್ರೂ ಬಳಿ ಬ್ರಿಟಿಷ್ ಏರ್‌ವೇಸ್‌ನ ಡೇಟಾ ಸೆಂಟರಿನಲ್ಲಿ ಒಬ್ಬ ಎಂಜಿನಿಯರ್ ವಿದ್ಯುತ್ ಸಂಪರ್ಕ ತಪ್ಪಿಸಿದ. ಆದರೆ ನಿಜವಾದ ಹಾನಿಯಾದದ್ದು ಅದನ್ನು ಅಂಕೆಯಿಲ್ಲದೆ ಮತ್ತೆ ಕೊಟ್ಟಾಗ ಎಂದು ಅದರ ಮಾತೃಸಂಸ್ಥೆಯ ಮುಖ್ಯಸ್ಥರಾಗಿದ್ದ ವಿಲ್ಲಿ ವಾಲ್ಶ್ ಹೇಳಿದರು. ಸುಮಾರು 75,000 ಪ್ರಯಾಣಿಕರು ಅಲ್ಲಲ್ಲೇ ಉಳಿದರು. ಸರ್ವರುಗಳೆಲ್ಲ ಒಟ್ಟಿಗೆ ಎಚ್ಚೆತ್ತರೆ ಮೊದಲ ಕ್ಷಣದಲ್ಲಿ ಅವು ಗುಟುಕರಿಸುವ ಕರೆಂಟ್ ಮಾಮೂಲಿಗಿಂತ ಎಷ್ಟೋ ಪಟ್ಟು. ಒಂದೊಂದಾಗಿ, ನಡುವೆ ಬಿಡುವು ಕೊಟ್ಟು ಎಬ್ಬಿಸಬೇಕು.

ಆಯುಧಪೂಜೆಯ ಹಿಂದಿನ ಆ ರಾತ್ರಿ ನಾನು ಎರಡನೆಯ ಕೇಬಲನ್ನು ಬಿಚ್ಚಿ, ಪಕ್ಕದ ಗೋಡೆಯ ಬೇರೆ ಬೋರ್ಡಿಗೆ ಒಯ್ದೆ. ಎರಡು ತುದಿಗೂ ಬಣ್ಣದ ಟೇಪ್ ಸುತ್ತಿ, ಯಾವುದು ಎಲ್ಲಿಗೆ ಹೋಗುತ್ತದೆಂದು ಬರೆದು ಅಂಟಿಸಿದೆ. ಅಲ್ಲಿಗೆ ಮುಗಿಯಿತು ಎಂದು ಚೀಲ ಎತ್ತಿಕೊಂಡಾಗ ಮೇಡಂ, “ಈಗ ಸರಿ ಆಯ್ತು ಅಂತ ಹೇಗೆ ಗೊತ್ತಾಗುತ್ತೆ ಸಾರ್?” ಎಂದರು. ಡೆಲ್ಟಾದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದೇ ಇರಬೇಕು. ಕಿತ್ತು ನೋಡುವುದು ಒಂದೇ ಉತ್ತರ. ಪಿಗ್ಮಿ ಲೆಕ್ಕವೆಲ್ಲ ಬ್ಯಾಕಪ್ ಆಗುವವರೆಗೆ ಕಾದೆವು. ಮೊದಲ ಬೋರ್ಡಿನ ಸ್ವಿಚ್ ಆಫ್ ಮಾಡಿದೆ. ಒಂದು ಹಸಿರು ದೀಪ ಆರಿತು, ಮುಂದಿನ ದೀಪ ಕೇಸರಿಗೆ ತಿರುಗಿತು, ಫ್ಯಾನುಗಳು ಒಮ್ಮೆಲೇ ಬುಸುಗುಟ್ಟಿದವು. ಅಟೆಂಡರ್ ಎರಡು ಹೆಜ್ಜೆ ಹಿಂದೆ ಸರಿದ. ಪರದೆಯ ಮೇಲೆ ಲೆಡ್ಜರ್ ಹಾಗೇ ಇತ್ತು. ಅದನ್ನು ಮತ್ತೆ ಹಾಕಿ, ಹಸಿರು ದೀಪ ಬರುವವರೆಗೆ ಕಾದು, ಎರಡನೆಯದನ್ನು ಆಫ್ ಮಾಡಿದೆ. ಆಗಲೂ ಇತ್ತು.

“ಇನ್ನು ಸೀರಿಯಲ್ ಸೆಟ್ ಎಲ್ಲಿಗೆ ಹಾಕೋದು ಸಾರ್?” ಎಂದ ಅಟೆಂಡರ್. ಹೊರಗಿನ ವರಾಂಡದ ಬೋರ್ಡು ತೋರಿಸಿದೆ. ದೀಪದ ಸರ ಅಲ್ಲಿಂದ ಸರ್ವರಿನವರೆಗೆ ಬರಲು ನಾಲ್ಕು ಅಡಿ ಸಾಲಲಿಲ್ಲ. ಆ ವರ್ಷ ಪಡಸಾಲೆಯ ಬಾಗಿಲಿಗೇ ಕಟ್ಟಿದರು.